ಹಾಗಲ್ಲ ಅಪ್ಪಾ, ತಪ್ಪು ಓದ್ತಿದ್ದೀಯ!

ನಾನು ಲೆಕ್ಕಪತ್ರ ನೋಡುವವನು. ದಿನವಿಡೀ ಅಂಕಿಗಳ ಜೊತೆ ಗುದ್ದಾಡಿ ಮನೆಗೆ ಬಂದರೆ ರಾತ್ರಿ ಮಕ್ಕಳಿಗೆ ಕಥೆ ಓದುವ ಪಾಳಿ ನನ್ನದೇ. ವರ್ಷದ ಲೆಕ್ಕ ಮುಗಿಸುವ ದಿನಗಳವು. ಹಾಸಿಗೆಯಲ್ಲಿ ಒರಗಿಕೊಂಡು ಮಗಳಿಗೆ ಓದುತ್ತಿದ್ದೆ. ಕೊರಳಿನ ಗಂಟೆ ಕಳೆದುಕೊಂಡ ಒಂದು ಮೇಕೆಯ ಕಥೆ. ಮೇಕೆ ಕಪ್ಪೆಯನ್ನು ಕೇಳುತ್ತದೆ, ಗೂಬೆಯನ್ನು ಕೇಳುತ್ತದೆ, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತದೆ. ಎಷ್ಟನೇ ಸಲ ಓದುತ್ತಿದ್ದೆನೋ ಏನೋ. ನಿದ್ದೆ ಎಳೆಯುತ್ತಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

"ಮೇಕೆ ಮರದ ಕೆಳಗೆ ಕೂತಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಅಯ್ಯೋ, ಇದು ಟ್ಯಾಲಿ ಆಗ್ತಾನೇ ಇಲ್ಲ ಎಂದಿತು."

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಪಕ್ಕದಿಂದ ಒಂದು ಕಿರುಚು. "ಹಾಗಲ್ಲ ಅಪ್ಪಾ! ತಪ್ಪು ಓದ್ತಿದ್ದೀಯ!" ಬೆಚ್ಚಿ ಎದ್ದು ಕೂತೆ. ಮಗಳು ನಕ್ಕೂ ನಕ್ಕೂ ಬಿಕ್ಕಳಿಕೆ ತಂದುಕೊಂಡಿದ್ದಳು. ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಬೆರಳಿಟ್ಟು ತೋರಿಸಿದಳು. "ಇಲ್ಲಿ ನೋಡು, ನನ್ನ ಗಂಟೆ ಎಲ್ಲಿ ಹೋಯ್ತೋ ಅಂತ ಇದೆ." ಅವಳಿಗೆ ಆಗ ಐದು ವರ್ಷ, ಓದಲು ಬರುತ್ತಿರಲಿಲ್ಲ. ಬೆರಳು ಇದ್ದದ್ದು ಪುಟದ ಸಂಖ್ಯೆಯ ಮೇಲೆ. ಆದರೆ ವಾಕ್ಯ ಅಕ್ಷರ ಬಿಡದೆ ಸರಿಯಾಗಿತ್ತು.

ಆ ರಾತ್ರಿಯವರೆಗೆ ನಾನು ಹೇಗೆ ಕಥೆ ಓದುತ್ತಿದ್ದೆ ಅಂತ ಹೇಳಿದರೆ ನಿಮಗೂ ನಿದ್ದೆ ಬಂದೀತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಉಸಿರು. ನಡುವೆ ಅವಳು ಏನಾದರೂ ಕೇಳಿದರೆ, "ಮೊದಲು ಪೂರ್ತಿ ಕೇಳು, ಆಮೇಲೆ ಮಾತು." ಕಥೆ ಮುಗಿದ ಮೇಲೆ ಪರೀಕ್ಷೆ. "ಮೇಕೆಗೆ ಏನು ಕಳೆದಿತ್ತು? ಮೊದಲು ಯಾರನ್ನ ಕೇಳ್ತು? ಈ ಕಥೆಯಿಂದ ನಾವು ಏನು ಕಲಿತ್ವಿ?" ಐದು ವರ್ಷದ ಹುಡುಗಿಗೆ, ರಾತ್ರಿ ಒಂಬತ್ತೂವರೆಗೆ! ಮೂರನೇ ಪ್ರಶ್ನೆ ಬರುವಷ್ಟರಲ್ಲಿ ಅವಳು ಗೋಡೆಯ ಕಡೆ ಹೊರಳಿರುತ್ತಿದ್ದಳು. ಪಾಪ, ನಿದ್ದೆ ಬಂತು ಅಂದುಕೊಂಡು ದೀಪ ಆರಿಸುತ್ತಿದ್ದೆ.

ಇನ್ನೊಂದು ಘನಂದಾರಿ ಕೆಲಸವನ್ನೂ ಮಾಡಿದ್ದೆ. ಬೀರುವಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದೆ. ಅಡ್ಡಕ್ಕೆ ದಿನ, ಉದ್ದಕ್ಕೆ ವಾರ, ಗೆರೆಯೆಲ್ಲ ಸ್ಕೇಲಿಟ್ಟು ಹಾಕಿದ್ದು. ಒಂದು ಪುಸ್ತಕಕ್ಕೆ ಒಂದು ನಕ್ಷತ್ರದ ಸ್ಟಿಕರ್. ಹತ್ತು ನಕ್ಷತ್ರಕ್ಕೆ ಒಂದು ಉಡುಗೊರೆ. ಮೊದಲ ವಾರ ನಕ್ಷತ್ರಗಳ ಸುರಿಮಳೆ. ನಾನು ಹೆಂಡತಿಯ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು. ಎರಡನೇ ವಾರ ಗಮನಿಸಿದೆ, ಅವಳು ಆರಿಸಿ ತರುವ ಪುಸ್ತಕಗಳು ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿದ್ದವು. ಕೊನೆಗೊಂದು ದಿನ ತಮ್ಮನ ರಟ್ಟಿನ ಪುಸ್ತಕ ತಂದಳು. ಪುಟಕ್ಕೊಂದೇ ಪದ ಇರುವಂಥದ್ದು. "ಚೆಂಡು, ಬಾತು, ಬೂಟು, ಮುಗೀತು. ಸ್ಟಾರ್ ಕೊಡು."

ಅವಳ ತಪ್ಪೇನೂ ಇಲ್ಲ. ಟಾರ್ಗೆಟ್ ಕೊಟ್ಟರೆ ದೊಡ್ಡವರೂ ಹೀಗೇ ಮಾಡುತ್ತಾರೆ. ದಿನವೂ ಕೆಲಸದಲ್ಲಿ ನಾನು ನೋಡುವುದೇ ಅದನ್ನು, ಮನೆಗೆ ಬಂದು ಮರೆತಿದ್ದೆ ಅಷ್ಟೆ.

ಪುರಾವೆ ಇಲ್ಲದೆ ಏನನ್ನೂ ನಂಬದಿರುವುದು ನನ್ನ ಕಸುಬಿನ ಚಟ. ಹಾಗಾಗಿ ಇದರ ಬಗ್ಗೆ ಯಾರಾದರೂ ಏನಾದರೂ ಬರೆದಿದ್ದಾರಾ ಅಂತ ಹುಡುಕಿದೆ. 1973ರಲ್ಲೇ ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಪುಟಾಣಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದಾರೆ. ಚಿತ್ರ ಬಿಡಿಸುವುದು ಮೊದಲೇ ಇಷ್ಟ ಇದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬಿಡಿಸಿದರೆ ಬಹುಮಾನದ ಪತ್ರ ಕೊಡ್ತೀವಿ ಅಂತ ಮುಂಚೆಯೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಆಟದ ಹೊತ್ತಿನಲ್ಲಿ ಸುಮ್ನೆ ಇಟ್ಟು ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದನ್ನು ಮುಟ್ಟಿದರಂತೆ. ಆ ಬಹುಮಾನದ ಪತ್ರದ ಮೇಲೆ ಏನಿತ್ತು ಗೊತ್ತಾ? ಚಿನ್ನದ ಬಣ್ಣದ ನಕ್ಷತ್ರ. ಓದಿದವನೇ ಎದ್ದು ಹೋಗಿ ಬೀರುವಿನ ಬಾಗಿಲು ಕೆರೆದೆ. ಅಂಟು ಇನ್ನೂ ಹೋಗಿಲ್ಲ.

ಚಾರ್ಟ್ ಕಿತ್ತ ಮೇಲೆ ಮರುದಿನದಿಂದಲೇ ಅವಳು ಪುಸ್ತಕದ ಹುಳು ಆದಳು ಅಂತ ಬರೆಯಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. "ನನ್ನ ಸ್ಟಾರ್ ಎಲ್ಲಿ?" ಅಂತ ಎರಡು ದಿನ ಅತ್ತಳು. ಒಂದು ವಾರ ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ. ಮೇಕೆಯ ಪುಸ್ತಕ ಮತ್ತೆ ಹೊರಗೆ ಬಂದ ರಾತ್ರಿಯೇ ನನಗೆ ನಿದ್ದೆ ಎಳೆದದ್ದು, ಲೆಕ್ಕ ಟ್ಯಾಲಿ ಆಗದೆ ಹೋದದ್ದು.

ಮರುದಿನ ರಾತ್ರಿ ಊಟ ಮುಗಿಯುವ ಮೊದಲೇ ಅವಳು ಪುಸ್ತಕ ಹಿಡಿದು ನಿಂತಿದ್ದಳು. "ಅಪ್ಪಾ, ಇವತ್ತೂ ತಪ್ಪು ಓದು."

ಹೀಗೆ ಶುರುವಾಯಿತು ನಮ್ಮ ಮನೆಯ ತಪ್ಪಿನಾಟ. ನಿಯಮ ಮಾಡಿದವಳು ಅವಳೇ. ಒಂದು ಕಥೆಗೆ ಮೂರೇ ತಪ್ಪು. ಜಾಸ್ತಿ ಮಾಡಿದರೆ ಕಥೆ ಹಾಳು. ಮೇಕೆ ಅಳುವ ಪುಟದಲ್ಲಿ ತಪ್ಪು ಮಾಡಬಾರದು, ಯಾಕೆಂದರೆ "ಅದು ಪಾಪ". ತಪ್ಪು ಮಾಡಿ ನಾನು ನಗಬಾರದು, ಗೊತ್ತೇ ಇಲ್ಲದವನ ಹಾಗೆ ಮುಂದೆ ಓದಬೇಕು. ಈ ಕೊನೆಯ ನಿಯಮ ಇದೆಯಲ್ಲ, ಆಟದ ಜೀವ ಇರುವುದೇ ಅದರಲ್ಲಿ. "ಮೇಕೆ ಕಪ್ಪೆಯ ಹತ್ತಿರ ಹೋಗಿ, ಗೂಬೆಯಣ್ಣಾ, ಗೂಬೆಯಣ್ಣಾ ಎಂದು ಕೂಗಿತು" ಅಂತ ಮುಖ ಗಂಟಿಕ್ಕಿಕೊಂಡು ಓದುತ್ತೇನೆ. ಪಕ್ಕದಲ್ಲಿ ಉಸಿರು ಬಿಗಿಹಿಡಿದ ಸದ್ದು. ಮುಂದಿನ ಸಾಲಿಗೆ ಹೋಗುತ್ತೇನೆ. ಆಗ ಸ್ಫೋಟ. ಮೊದಲು ಕಾಲು ಚಾಚಿ, ಚಾವಣಿ ನೋಡುತ್ತಾ ಕಥೆ ಕೇಳುತ್ತಿದ್ದವಳು ಈಗ ಬೇಟೆಗೆ ಕೂತ ಬೆಕ್ಕಿನ ಹಾಗೆ ಪುಸ್ತಕದ ಮೇಲೆ ಬಗ್ಗಿರುತ್ತಾಳೆ. ಅವಳಿಗೆ ಒಂದು ಕೆಲಸ ಸಿಕ್ಕಿತ್ತು. ನನ್ನನ್ನು ಆಡಿಟ್ ಮಾಡುವ ಕೆಲಸ!

ಹಾಗೆ ಬಗ್ಗಿ ನೋಡುತ್ತಿದ್ದಾಗಲೇ ಒಂದು ರಾತ್ರಿ ಕೇಳಿದಳು, "ಅಪ್ಪಾ, ಬಸವನಹುಳ ಈಗ ಎಲ್ಲಿಗೆ ಹೋಗ್ತಿದೆ?"

"ಯಾವ ಬಸವನಹುಳ? ಈ ಕಥೇಲಿ ಬಸವನಹುಳ ಇಲ್ವಲ್ಲ."

ಅವಳು ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಪುಟದ ಕೆಳಗಿನ ಮೂಲೆ ತೋರಿಸಿದಳು. ಅಲ್ಲಿ, ಕಡಲೆಕಾಳಿನಷ್ಟು ದೊಡ್ಡ ಬಸವನಹುಳ. ಹಿಂದಿನ ಪುಟ ತಿರುಗಿಸಿದಳು, ಅಲ್ಲೂ ಇತ್ತು, ಸ್ವಲ್ಪ ಎಡಕ್ಕೆ. ಮೊದಲ ಪುಟದಲ್ಲಿ ಅದು ಮೇಕೆಯ ಕಾಲ ಬುಡದಲ್ಲಿದೆ. ಪುಟ ಪುಟಕ್ಕೂ ಒಂದೊಂದು ಹೆಜ್ಜೆ ನಡೆದು, ಕಥೆ ಮುಗಿಯುವಷ್ಟರಲ್ಲಿ ಒಂದು ಎಲೆಯ ಹತ್ತಿರ ಬರುತ್ತದೆ. ಅಕ್ಷರದಲ್ಲಿ ಅದರ ಸುದ್ದಿಯೇ ಇಲ್ಲ. ಅದರದ್ದು ಬೇರೆಯದೇ ಕಥೆ, ಚಿತ್ರ ಬರೆದವರು ಯಾರಿಗೂ ಹೇಳದೆ ಸೇರಿಸಿಟ್ಟದ್ದು. ಎಷ್ಟೋ ಸಲ ಓದಿದ್ದ ಪುಸ್ತಕ. ನಾನು ಒಮ್ಮೆಯೂ ನೋಡಿರಲಿಲ್ಲ. ಅವಳು ಮೊದಲ ದಿನವೇ ನೋಡಿದ್ದಳಂತೆ. "ಮತ್ತೆ ಯಾಕೆ ಹೇಳಲಿಲ್ಲ?" ಅಂದೆ. "ನೀನೇ ಆಮೇಲೆ ಮಾತು ಅಂದ್ಯಲ್ಲ."

ಇದಕ್ಕೂ ಪುರಾವೆ ಸಿಕ್ಕಿತು. 2005ರಲ್ಲಿ ಕೆನಡಾದ ಇಬ್ಬರು ಸಂಶೋಧಕರು, ದೊಡ್ಡವರು ಪುಸ್ತಕ ಓದಿ ಹೇಳುವಾಗ ಪುಟಾಣಿಗಳ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ ಅಂತ ಕ್ಯಾಮೆರಾ ಇಟ್ಟು ಅಳೆದರು. ಮಕ್ಕಳು ಹೆಚ್ಚು ಕಡಿಮೆ ಇಡೀ ಹೊತ್ತು ಚಿತ್ರವನ್ನೇ ನೋಡುತ್ತಿದ್ದರು. ಅಕ್ಷರದ ಕಡೆ ಕಣ್ಣು ಹಾಯಿಸಿದ್ದು ಅಪರೂಪಕ್ಕೆ. ಅಂದರೆ ಒಂದೇ ಹಾಸಿಗೆಯಲ್ಲಿ, ಒಂದೇ ಪುಸ್ತಕ ಹಿಡಿದು, ನಾವಿಬ್ಬರೂ ಬೇರೆ ಬೇರೆ ಪುಸ್ತಕ ಓದುತ್ತಿದ್ದೆವು. ಅವಳ ಪುಸ್ತಕದಲ್ಲಿ ಏನಿದೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಈಗ ಹೊಸ ಪುಸ್ತಕ ಬಂದರೆ ಮೊದಲ ರಾತ್ರಿ ನಾನು ಓದುವುದೇ ಇಲ್ಲ. ಅಕ್ಷರದ ಮೇಲೆ ಅಂಗೈ ಇಟ್ಟುಕೊಂಡು ಚಿತ್ರ ಮಾತ್ರ ನೋಡುತ್ತೇವೆ. ಅವಳು ಕಥೆ ಹೇಳುತ್ತಾಳೆ. ಮರುದಿನ ನಾನು ಓದಿದಾಗ, ಪುಸ್ತಕದ ಕಥೆ ಅವಳ ಕಥೆಯಷ್ಟು ಚೆನ್ನಾಗಿಲ್ಲ ಅಂತ ಇಬ್ಬರಿಗೂ ಅನ್ನಿಸುವುದುಂಟು. ಬರೆದವರು ಕ್ಷಮಿಸಬೇಕು.

ಪ್ರಶ್ನೆ ಕೇಳುವುದನ್ನು ಪೂರ್ತಿ ಬಿಟ್ಟೆ ಅಂತಲ್ಲ. ಪ್ರಶ್ನೆಯ ಜಾತಿ ಬದಲಾಯಿತು. ಗ್ರೋವರ್ ವೈಟ್‌ಹರ್ಸ್ಟ್ ಅನ್ನುವವರು 1988ರಲ್ಲಿ ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಒಂದು ತಿಂಗಳು ಇಷ್ಟೇ ಮಾಡಿಸಿದರು: ಹೌದು, ಇಲ್ಲ ಅಂತ ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಮಾತು ಸೇರಿಸಿ, ನಿಧಾನಕ್ಕೆ ಕಥೆ ಹೇಳುವ ಕೆಲಸವನ್ನು ಮಗುವಿಗೇ ದಾಟಿಸಿ. ಉಳಿದ ಮನೆಗಳಲ್ಲಿ ಎಂದಿನ ಹಾಗೆ ಓದಿದರು. ತಿಂಗಳ ಕೊನೆಗೆ ನೋಡಿದರೆ, ಮಾತು ದಾಟಿಸಿದ ಮನೆಯ ಮಕ್ಕಳು ಮಾತಿನಲ್ಲಿ ಎಷ್ಟೋ ಮುಂದೆ ಹೋಗಿದ್ದರು. ಇದನ್ನು ಓದಿದ ಉತ್ಸಾಹದಲ್ಲಿ ನಾನು ಪುಟಕ್ಕೆ ನಾಲ್ಕು ಪ್ರಶ್ನೆ ಕೇಳತೊಡಗಿದೆ. ಮೂರನೇ ದಿನ ಮಗಳೇ ಹೇಳಿದಳು, "ಅಪ್ಪಾ, ನೀನು ಸುಮ್ನೆ ಓದು." ಈಗ ಒಂದು ಕಥೆಗೆ ಒಂದೋ ಎರಡೋ, ಅದೂ ನನಗೆ ನಿಜವಾಗಿ ಉತ್ತರ ಗೊತ್ತಿಲ್ಲದಿದ್ದರೆ ಮಾತ್ರ. "ಗೂಬೆ ಯಾಕೆ ಸುಳ್ಳು ಹೇಳ್ತೋ?" ಅಂತ ನನ್ನಷ್ಟಕ್ಕೆ ಅಂದುಕೊಂಡ ಹಾಗೆ ಅನ್ನುತ್ತೇನೆ. ಆಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಈ ಐದು ಎಣಿಸುವುದು ಇದೆಯಲ್ಲ, ಇಡೀ ಕಥೆ ಓದುವುದಕ್ಕಿಂತ ಕಷ್ಟ. ಎರಡಕ್ಕೇ ನಾಲಿಗೆ ತುರಿಸುತ್ತದೆ. ನಾಲ್ಕು ದಾಟಿದ ಮೇಲೆ ಉತ್ತರ ಬರುತ್ತದೆ. ಒಂದು ರಾತ್ರಿ ಬಂದ ಉತ್ತರ ಹೀಗಿತ್ತು: "ಗೂಬೆಗೆ ಗಂಟೆ ಬೇಡ ಅಪ್ಪಾ. ಮೇಕೆ ದಿನಾ ಬರಲಿ ಅಂತ ಆಸೆ. ಅದಕ್ಕೆ ಯಾರೂ ಫ್ರೆಂಡ್ಸ್ ಇಲ್ಲ." ಪುಸ್ತಕದಲ್ಲಿ ಹಾಗೆ ಎಲ್ಲೂ ಇಲ್ಲ.

ಒಂದು ತಪ್ಪೊಪ್ಪಿಗೆ. ಮೇಕೆಯ ಪುಸ್ತಕವನ್ನು ನಾನು ಒಂದು ಸಲ ಬಚ್ಚಿಟ್ಟಿದ್ದೆ. ಸತತ ಮೂರು ವಾರ ಅದೇ ಕಥೆ. ಟಿಣ್ ಟಿಣ್ ಅಂತ ಗಂಟೆ ಸದ್ದು ಕನಸಿನಲ್ಲೂ ಬರುತ್ತಿತ್ತು. ಸಾಕಪ್ಪಾ ಅಂತ ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ ತಳ್ಳಿದೆ. "ಎಲ್ಲೋ ಕಳೆದುಹೋಗಿದೆ ಕಂದಾ, ಬೇರೆ ಓದೋಣ." ಮಗಳು ಮನೆಯಿಡೀ ಹುಡುಕಿದಳು. ಮಂಚದ ಕೆಳಗೆ ತಲೆ ಹಾಕಿ, "ನನ್ನ ಪುಸ್ತಕ ಎಲ್ಲಿ ಹೋಯ್ತೋ" ಅಂದಳು. ಮೇಕೆಯದೇ ಧಾಟಿ. ನನ್ನ ಹೆಂಡತಿ ಅಡುಗೆಮನೆಯಿಂದಲೇ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ.

ಆ ವಾರವೇ ನನಗೆ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹೋರ್ಸ್ಟ್ ಮತ್ತು ಜೊತೆಗಾರರ 2011ರ ಅಧ್ಯಯನ ಸಿಗಬೇಕೇ! ಮೂರು ವರ್ಷದ ಮಕ್ಕಳು. ಕೆಲವರಿಗೆ ಒಂದೇ ಕಥೆ ಮತ್ತೆ ಮತ್ತೆ, ಕೆಲವರಿಗೆ ಬೇರೆ ಬೇರೆ ಕಥೆ. ಎರಡರಲ್ಲೂ ಅವೇ ಹೊಸ ಪದಗಳು, ಅಷ್ಟೇ ಸಲ. ವಾರದ ನಂತರ ಕೇಳಿದರೆ, ಒಂದೇ ಕಥೆ ಕೇಳಿದವರಿಗೆ ಆ ಪದಗಳು ಚೆನ್ನಾಗಿ ನೆನಪಿದ್ದವು. ನನಗೆ ಇದು ಅರ್ಥವಾಗುತ್ತದೆ. ಮೊದಲ ಸಲ ಮುಂದೇನಾಯ್ತು ಅನ್ನುವುದರಲ್ಲೇ ಗಮನವೆಲ್ಲ ಹೋಗುತ್ತದೆ. ಕಥೆ ಬಾಯಿಪಾಠ ಆದ ಮೇಲೆ ತಾನೇ ಬಸವನಹುಳದ ಹಿಂದೆ ಹೋಗಲು ಪುರುಸೊತ್ತು? ಸೂಟ್‌ಕೇಸಿನ ಹಿಂದಿನಿಂದ ಪುಸ್ತಕ ತೆಗೆದೆ. ಧೂಳು ಒರೆಸಿ, "ಸಿಕ್ಬಿಡ್ತು ನೋಡು" ಅಂದೆ. ಅವಳು ಕುಣಿದಳು. ಇವತ್ತಿಗೂ ನಿಜ ಹೇಳಿಲ್ಲ.

ದನಿ ಬದಲಿಸಿ ಓದಿ, ನಟನೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದೆ. ನನ್ನ ಕಪ್ಪೆ, ಗೂಬೆ, ಮೇಕೆ ಎಲ್ಲವೂ ನೆಗಡಿಯಾದ ಒಬ್ಬನೇ ಮನುಷ್ಯನ ಹಾಗೆ ಕೇಳುತ್ತವೆ. ಒಮ್ಮೆ ತೋಳದ ದನಿ ತೆಗೆದದ್ದಕ್ಕೆ ಚಿಕ್ಕವನು ಬೆದರಿ ಅಮ್ಮನ ಹತ್ತಿರ ಓಡಿದ, ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಇದಕ್ಕೆ ತದ್ವಿರುದ್ಧ ನನ್ನ ಹೆಂಡತಿ. ಅವಳು ಯಾವ ದನಿಯನ್ನೂ ಮಾಡುವುದಿಲ್ಲ. ಮಾತಾಡುವ ಹಾಗೇ ಓದುತ್ತಾಳೆ, ಇನ್ನೂ ಸ್ವಲ್ಪ ಮೆಲ್ಲಗೆ. ಭಯದ ಜಾಗ ಬಂದರೆ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ. ಮಕ್ಕಳಿಬ್ಬರೂ ಕೇಳಿಸದೆ ಹತ್ತಿರ ಹತ್ತಿರ ಸರಿಯುತ್ತಾರೆ. ಪುಟ ತಿರುಗಿಸುವ ಮುಂಚೆ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಸ್ವಲ್ಪವೇ ಎತ್ತಿ, "ಆಗ..." ಅಂತ ನಿಲ್ಲಿಸುತ್ತಾಳೆ. ಅಷ್ಟೇ. ಹಾಸಿಗೆಯ ಮೇಲೆ ಯಾರೂ ಅಲ್ಲಾಡುವುದಿಲ್ಲ.

ಆ ಪುಟ ತಿರುಗಿಸುವುದಕ್ಕೆ ಬೆಲೆ ಇದೆ ಅಂತ ನನಗೆ ಹೊಳೆದದ್ದು ಲೆಕ್ಕ ಹಾಕಿದ ಮೇಲೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುತ್ತವೆ. ದೊಡ್ಡ ಹಾಳೆ ಅಚ್ಚು ಮಾಡಿ ಮಡಚಿದಾಗ ಎಂಟು, ಹದಿನಾರು, ಮೂವತ್ತೆರಡು ಹೀಗೆ ಪುಟ ಬೀಳುವುದರಿಂದ ಬಂದ ಪದ್ಧತಿ ಅದು. ಹೆಸರಿನ ಪುಟ, ಪ್ರಕಾಶಕರ ಪುಟ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಹದಿನೈದು ತಿರುವು ಇರಬಹುದು. ಬರೆದವರು ಕುತೂಹಲವನ್ನೆಲ್ಲ ಆ ಹದಿನೈದರ ಹಿಂದೆ ಅಡಗಿಸಿ ಇಟ್ಟಿರುತ್ತಾರೆ. ನಾನು ಎಂಜಲು ಹಚ್ಚಿ ಪಟಪಟ ತಿರುಗಿಸುತ್ತಿದ್ದೆ, ನೋಟು ಎಣಿಸುವವನ ಹಾಗೆ. ಈಗ ಪುಟ ತಿರುಗಿಸುವ ಅಧಿಕಾರ ಮಗಳದು. ಅವಳು "ಹೂಂ" ಅನ್ನುವವರೆಗೆ ಕಥೆ ಅಲ್ಲೇ ನಿಂತಿರುತ್ತದೆ.

ಚಿಕ್ಕವನ ವಿಷಯ ಹೇಳಲೇ ಇಲ್ಲ. ಅವನಿಗೆ ಈಗ ಎರಡು ವರ್ಷ. ಬಹಳ ದಿನ ಅವನು ಪುಸ್ತಕವನ್ನು ಓದುತ್ತಿದ್ದದ್ದು ಹಲ್ಲಿನಿಂದ. ಮಕ್ಕಳಿಗೆ ಎಳೆಗೂಸಾಗಿದ್ದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೇಳಿದೆ. ಓದಿ ಹೇಳಲು ನಾನು ತಯಾರಿದ್ದೆ, ಅವನು ಮೂಲೆ ತಿನ್ನಲು ತಯಾರಿದ್ದ. ಎರಡು ಪುಟಕ್ಕೆ ಎದ್ದು ಹೋಗುತ್ತಾನೆ, ಚೆಂಡು ಒದೆಯುತ್ತಾನೆ, ಮತ್ತೆ ಬಂದು ತೊಡೆ ಮೇಲೆ ಧೊಪ್ಪನೆ ಬೀಳುತ್ತಾನೆ. ಮೊದಲು ಹಿಡಿದು ಕೂರಿಸುತ್ತಿದ್ದೆ. ಈಗ ಹೋಗಲಿ ಅಂತ ಬಿಟ್ಟು ಓದುತ್ತಲೇ ಇರುತ್ತೇನೆ. ಕೇಳಿಸುತ್ತಿಲ್ಲ ಅಂದುಕೊಂಡಿದ್ದೆ. ಕಪ್ಪೆ ಬರುವ ಪುಟಕ್ಕೆ ರೂಮಿನ ಆ ಮೂಲೆಯಿಂದ "ವಟ" ಅಂತ ಉತ್ತರ ಬರುತ್ತದೆ.

ಮಗಳು ಈಗ ಆರೂವರೆ. ತಾನೇ ಓದಲು ಶುರು ಮಾಡಿದ್ದಾಳೆ. ಅಲ್ಲಿ ನಾನು ಮತ್ತೆ ಎಡವಿದೆ. ಅವಳು ಬೆರಳಿಟ್ಟು, ಕಾಗುಣಿತ ಕೂಡಿಸಿ ಕೂಡಿಸಿ ಓದುತ್ತಾಳೆ. ಒತ್ತಕ್ಷರ ಬಂದರೆ ಕಲ್ಲಿಗೆ ಕಾಲು ತಾಗಿದ ಹಾಗೆ ನಿಲ್ಲುತ್ತಾಳೆ. ನಾನು ತಕ್ಷಣ, "ಹಾಗಲ್ಲ, ಸರಿಯಾಗಿ ನೋಡು." ಎರಡು ಸಾಲಿಗೆ ನಾಲ್ಕು ಹಾಗಲ್ಲ. ಪುಸ್ತಕ ಮುಚ್ಚಿ, "ನೀನೇ ಓದು" ಅಂತ ನನ್ನ ಕಡೆ ತಳ್ಳುತ್ತಿದ್ದಳು. ಅವಳು ನನಗೆ "ಹಾಗಲ್ಲ" ಅಂದಾಗ ಮನೆಯೆಲ್ಲ ನಗು, ನಾನು ಅವಳಿಗೆ ಅಂದರೆ ಮುಖ ಬಾಡುತ್ತದೆ. ಯಾಕೆ ಅಂತ ತಿಳಿಯಲು ಸಂಶೋಧನೆ ಓದಬೇಕಾಗಲಿಲ್ಲ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಶುರುವಾದ ಒಂದು ಏರ್ಪಾಡು ಇದೆ. ಮಕ್ಕಳು ನಾಯಿಗಳಿಗೆ ಪುಸ್ತಕ ಓದಿ ಹೇಳುವುದು. ತಮಾಷೆಯಲ್ಲ, ತರಬೇತಿ ಪಡೆದ ನಾಯಿಗಳು, ಮಗುವಿನ ಪಕ್ಕ ತೆಪ್ಪಗೆ ಮಲಗಿ ಕೇಳುತ್ತವೆ. ನಾಯಿ ಯಾರಿಗೂ ಹಾಗಲ್ಲ ಅನ್ನುವುದಿಲ್ಲವಲ್ಲ! ನಮ್ಮ ಮನೆಯಲ್ಲಿ ನಾಯಿ ಇಲ್ಲ. ಒಂದು ಕಿವಿ ಕಿತ್ತುಹೋದ ಬಟ್ಟೆಯ ಮೊಲ ಇದೆ. "ಮೊಲಕ್ಕೆ ಕಥೆ ಹೇಳಮ್ಮಾ, ನಾನು ಬಟ್ಟೆ ಮಡಚಬೇಕು" ಅಂತ ಒಂದು ಸಂಜೆ ಎದ್ದು ಬಂದೆ. ಅರ್ಧ ಗಂಟೆ ಓದಿದಳು. ಒತ್ತಕ್ಷರಕ್ಕೆ ನಿಂತಳು, ತಾನೇ ದಾಟಿದಳು. ಕೆಲವನ್ನು ತಪ್ಪಾಗಿಯೇ ದಾಟಿದಳು. ನಾನು ಒಂದೇ ಅಂಗಿಯನ್ನು ನಾಲ್ಕು ಸಲ ಮಡಚಿದೆ.

ಮೊನ್ನೆ ಕೆಲಸ ಮುಗಿಸಿ ಬರುವಾಗ ತಡವಾಗಿತ್ತು. ರೂಮಿನಲ್ಲಿ ದೀಪ ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಮಗಳು ಗೋಡೆಗೆ ಒರಗಿ ಕೂತಿದ್ದಾಳೆ, ತೊಡೆಯ ಮೇಲೆ ಮೇಕೆಯ ಪುಸ್ತಕ. ಒಂದು ಪಕ್ಕಕ್ಕೆ ಮೊಲ, ಇನ್ನೊಂದು ಪಕ್ಕಕ್ಕೆ ತಮ್ಮ. ಅವನು ಮೂಲೆ ತಿನ್ನುತ್ತಿಲ್ಲ, ಬೆರಳಿಟ್ಟು ಬಸವನಹುಳ ಹುಡುಕುತ್ತಿದ್ದಾನೆ. ಅವಳು ಪುಟದ ಮೂಲೆ ಎರಡು ಬೆರಳಿನಲ್ಲಿ ಹಿಡಿದು, ಅಮ್ಮನ ಹಾಗೇ "ಆಗ..." ಅಂತ ನಿಲ್ಲಿಸಿದಳು. ತಿರುಗಿಸಿದಳು. ಬೆರಳಿಟ್ಟು ಓದಿದಳು, ಈ ಸಲ ಬೆರಳು ಸರಿಯಾದ ಸಾಲಿನ ಮೇಲೇ ಇತ್ತು.

"ಮೇಕೆ ಮರದ ಕೆಳಗೆ ಕೂತಿತು. ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಗಂಟೆ ಎಲ್ಲಿ ಹೋಯ್ತೋ ಎಂದಿತು."

ಚಿಕ್ಕವನು ತಲೆ ಎತ್ತಿದ. ಹುಬ್ಬು ಗಂಟಿಕ್ಕಿದ.

"ಅಲ್ಲ! ತಾಲಿ! ತಾಲಿ ಇಲ್ಲ!"

"ಓ, ಹೌದಲ್ವಾ" ಅಂದಳು ಮಗಳು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಶುರು ಮಾಡಿದಳು.